ಶಿಮ್ಲಾದ ಮಾಲ್ ರೋಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಮ್ಲಾಗೆ ಹೊರಟ ನೆಂಟರು, ಸ್ನೇಹಿತರು ನನಗೆ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಾನು ಮೈಸೂರಿನವಳು. ಆ ಊರಿಗೆ ನಾಲ್ಕು ಸಲ ಹೋಗಿದ್ದೇನೆ, ಒಮ್ಮೆ ಮಂಡಿ ನೋವಿನ ಅಮ್ಮನನ್ನೂ ಕರ್ಕೊಂಡು. ಪ್ರತಿ ಸಲವೂ ಜಾಸ್ತಿ ಹೊತ್ತು ಕಳೆದದ್ದು ಮಾಲ್ ರೋಡಿನಲ್ಲೇ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಾಲ್ ಅಂದ್ರೆ ಶಾಪಿಂಗ್ ಮಾಲಾ?

ಅಲ್ಲ. ಅದೊಂದು ಬೀದಿ. ಬ್ರಿಟಿಷರು ಗುಡ್ಡದ ಮೇಲೆ ಊರು ಕಟ್ಟಿದ ಬಹಳ ಕಡೆ ಓಡಾಡಲು ಒಂದು ಮುಖ್ಯ ರಸ್ತೆ ಮಾಡಿ ಅದಕ್ಕೆ 'ದಿ ಮಾಲ್' ಅಂತ ಹೆಸರಿಡುತ್ತಿದ್ದರು. ಮಸ್ಸೂರಿಯಲ್ಲಿ, ನೈನಿತಾಲ್‌ನಲ್ಲಿ, ಡಾರ್ಜಿಲಿಂಗ್‌ನಲ್ಲಿ ಎಲ್ಲ ಇದೆ. ಆದರೆ ಶಿಮ್ಲಾದ್ದಕ್ಕೆ ತೂಕ ಜಾಸ್ತಿ. 1864ರಿಂದ ಈ ಊರು ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿ. ವರ್ಷದಲ್ಲಿ ಹಲವು ತಿಂಗಳು ವೈಸರಾಯ್, ಅವರ ಕಚೇರಿ, ಕಡತ, ಗುಮಾಸ್ತರು ಎಲ್ಲ ಬಯಲಿನ ಸೆಕೆ ಬಿಟ್ಟು ಇಲ್ಲಿಗೆ ಹತ್ತಿ ಬರುತ್ತಿದ್ದರು. ಸಂಜೆ ಎಲ್ಲರೂ ಮುಖ ತೋರಿಸುತ್ತಿದ್ದದ್ದು ಈ ಬೀದಿಯಲ್ಲಿ.

ರಸ್ತೆ ತುಂಬ ಉದ್ದ ಇದೆ. ಆದರೆ ಅಂಗಡಿ ಸಾಲು ಇರುವ ಭಾಗ, ಅಂದ್ರೆ ನಾವೆಲ್ಲ 'ಮಾಲ್' ಅನ್ನುವ ಭಾಗ, ಸುಮಾರು ಒಂದು ಕಿಲೋಮೀಟರ್ ಅಷ್ಟೇ.

ನಿಜವಾಗಿಯೂ ಗಾಡಿ ಬರೋದಿಲ್ವಾ?

ಬರುವುದಿಲ್ಲ. ಕಾರಿಲ್ಲ, ಬೈಕಿಲ್ಲ, ಆಟೋ ಇಲ್ಲ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಗಾಡಿ, ವಿಶೇಷ ಪರವಾನಗಿ ಇರುವ ಕೆಲವು ವಾಹನಗಳು ಮಾತ್ರ ಅಪರೂಪಕ್ಕೆ ಹಾದುಹೋಗುತ್ತವೆ. ಊರಿನವರು ಇಂಥ ರಸ್ತೆಗೆ 'ಸೀಲ್ಡ್ ರೋಡ್' ಅನ್ನುತ್ತಾರೆ. ಪಾದಚಾರಿಗಳಿಗಾಗಿಯೇ 2007ರಲ್ಲಿ ಹಿಮಾಚಲ ಸರ್ಕಾರ ಒಂದು ಕಾಯ್ದೆಯನ್ನೂ ತಂದಿದೆ.

ಈ ನಿಯಮದ ಬೇರು ಬ್ರಿಟಿಷರ ಕಾಲದ್ದು. ಆಗ ಮಾಲ್ ಮೇಲೆ ಗಾಡಿ ಓಡಿಸುವ ಹಕ್ಕು ಇದ್ದದ್ದು ಮೂರೇ ಜನಕ್ಕೆ: ವೈಸರಾಯ್, ಸೇನೆಯ ಮುಖ್ಯ ದಂಡನಾಯಕ, ಪಂಜಾಬಿನ ಗವರ್ನರ್. ಉಳಿದವರು ನಡೆಯಬೇಕಿತ್ತು, ಇಲ್ಲ ಕುದುರೆ ಅಥವಾ ಕೈರಿಕ್ಷಾ ಹತ್ತಬೇಕಿತ್ತು. ದೊಡ್ಡವರ ಗತ್ತಿಗಾಗಿ ಹುಟ್ಟಿದ ನಿಯಮ ಅದು. ಈಗ ಅದೇ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳು ಅಡ್ಡಾದಿಡ್ಡಿ ಓಡುತ್ತಾರೆ, ಅಜ್ಜಂದಿರು ನಡುರಸ್ತೆಯಲ್ಲಿ ನಿಂತು ಹರಟುತ್ತಾರೆ. ಯಾರೂ ಹಾರ್ನ್ ಹೊಡೆಯುವುದಿಲ್ಲ.

ಮೊದಲ ಸಲ ಹೋದಾಗ ಏನೋ ಕಮ್ಮಿ ಇದೆ ಅಂತ ಅರ್ಧ ಗಂಟೆ ಅನ್ನಿಸುತ್ತಲೇ ಇತ್ತು. ಆಮೇಲೆ ಹೊಳೆಯಿತು, ಕಮ್ಮಿ ಇದ್ದದ್ದು ಎಂಜಿನ್ ಸದ್ದು. ಚಪ್ಪಲಿ ಸದ್ದು, ಮಾತು, ಚರ್ಚಿನ ಗಂಟೆ, ಕಾಗೆ, ಇಷ್ಟೇ ಕೇಳಿಸುತ್ತಿತ್ತು.

ಹಾಗಾದ್ರೆ ಲಗೇಜ್ ಹೊತ್ತುಕೊಂಡು ಹೋಗೋದು ಹೇಗೆ?

ಗಾಡಿಗಳು ಕೆಳಗಿನ ಕಾರ್ಟ್ ರೋಡ್‌ನಲ್ಲೇ ನಿಲ್ಲುತ್ತವೆ. ಹೋಟೆಲ್ ಮಾಲ್ ಮೇಲಿದ್ದರೆ ಅಲ್ಲಿಂದ ಹತ್ತಬೇಕು. ಕೂಲಿಯವರು ಸಿಗುತ್ತಾರೆ. ಬಹಳ ಜನ ಕಾಶ್ಮೀರದಿಂದ ಬಂದವರು, ಊರಲ್ಲಿ ಅವರನ್ನು 'ಖಾನ್' ಅಂತಲೇ ಕರೆಯುತ್ತಾರೆ. ಒಬ್ಬರು ನಮ್ಮ ಎರಡು ಸೂಟ್‌ಕೇಸ್ ಎತ್ತಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ದೊಡ್ಡದನ್ನು ಮಲಗಿಸಿದರು. ಅದರ ಮೇಲೆ ಚಿಕ್ಕದು. ಸೊಂಟದಿಂದ ಹಗ್ಗ ಬಿಚ್ಚಿ ಎರಡು ಸುತ್ತು ಬಿಗಿದರು. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಹಗ್ಗವನ್ನು ಹೆಗಲಿಗೆ ಹಾಕಿ, ಒಂದು ಕೈ ಊರಿ ಎದ್ದರು. ನಾವು ಬರಿಗೈಯಲ್ಲಿ ಏದುಸಿರು ಬಿಡುತ್ತಾ ಹಿಂದೆ ಹೋದೆವು.

ಕೂಲಿ ಎಷ್ಟು ಅಂತ ಹೊರಡುವ ಮೊದಲೇ ಮಾತಾಡಿ. ಆದರೆ ಹತ್ತಿಪ್ಪತ್ತು ರೂಪಾಯಿಗೆ ಎಳೆದಾಡಬೇಡಿ. ಆ ಮೆಟ್ಟಿಲುಗಳನ್ನು ಒಮ್ಮೆ ಹತ್ತಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಮಂಡಿ ನೋವಿರುವವರು ಹೋಗಬಹುದಾ?

ಖಂಡಿತ. ಕಾರ್ಟ್ ರೋಡ್‌ನಿಂದ ಮಾಲ್‌ಗೆ ಪ್ರವಾಸೋದ್ಯಮ ನಿಗಮದ ಲಿಫ್ಟ್ ಇದೆ. ಎರಡು ಹಂತದ ಲಿಫ್ಟ್ ಅದು. ಒಂದರಿಂದ ಇಳಿದು ಚಿಕ್ಕ ಸೇತುವೆಯಂಥ ದಾರಿ ದಾಟಿ ಇನ್ನೊಂದಕ್ಕೆ ಹತ್ತಬೇಕು. ಟಿಕೆಟ್ ಇದೆ, ಬೇಸಿಗೆ ರಜೆಯಲ್ಲಿ ದೊಡ್ಡ ಸಾಲೂ ಇರುತ್ತದೆ. ಮೇಲೆ ತಲುಪಿದ ಮೇಲೆ ಮಾಲ್ ಅಷ್ಟೇನೂ ಕಡಿದಾಗಿಲ್ಲ, ನಡುನಡುವೆ ಬೆಂಚುಗಳಿವೆ. ನಮ್ಮಮ್ಮ ಪ್ರತಿ ಬೆಂಚಿನಲ್ಲೂ ಕೂತು, ಪಕ್ಕದಲ್ಲಿ ಕೂತವರ ಜೊತೆ ತಮಗೆ ಬರುವ ಹತ್ತು ಹಿಂದಿ ಪದಗಳಲ್ಲೇ ಮಾತಾಡಿ, ಒಂದು ಕಿಲೋಮೀಟರಿಗೆ ಎರಡು ಗಂಟೆ ತಗೊಂಡರು. ಆ ಪ್ರವಾಸದಲ್ಲಿ ಅವರು ಈಗಲೂ ನೆನೆಯುವುದು ಆ ಎರಡು ಗಂಟೆಯನ್ನೇ.

ಭಾರತೀಯರನ್ನು ಮಾಲ್ ಮೇಲೆ ಬಿಡ್ತಿರಲಿಲ್ಲ ಅಂತಾರೆ, ನಿಜಾನಾ?

ಬಡವರ ಮಟ್ಟಿಗೆ ನಿಜ. ಮಹಾರಾಜರು, ದೊಡ್ಡ ಹುದ್ದೆಯವರು ಓಡಾಡುತ್ತಿದ್ದರು. ಹೊರೆ ಹೊತ್ತ ಕೂಲಿಗಳನ್ನು, ಮಾಸಿದ ಬಟ್ಟೆಯವರನ್ನು ದೂರ ಇಡುತ್ತಿದ್ದರು. ಮಾಲ್ ಯುರೋಪಿಯನ್ನರ ಬೀದಿ. ದರ್ಜಿ, ಅಕ್ಕಿ ವ್ಯಾಪಾರಿ, ಬಡಗಿ, ಗುಮಾಸ್ತ, ಇವರೆಲ್ಲ ಇದ್ದದ್ದು ಕೆಳಗಿನ ಲೋಯರ್ ಬಜಾರ್‌ನಲ್ಲಿ. ಊರನ್ನು ನಡೆಸುತ್ತಿದ್ದವರು ಅವರೇ. ಆದರೆ ಅವರ ಬೀದಿ ಕಣ್ಣಿಗೆ ಬೀಳದ ಹಾಗೆ ಇಳಿಜಾರಿನಲ್ಲಿ ಕೆಳಗಿತ್ತು.

ರಿಕ್ಷಾದ ಮಾತು ಬಂದಾಗ ನನಗೆ ಸಂಕಟವಾಗುತ್ತದೆ. ಬಯಲಿನ ಹಾಗೆ ಒಬ್ಬರೇ ಎಳೆಯುವುದು ಇಲ್ಲಿ ಆಗದ ಮಾತಾಗಿತ್ತು. ಏರು ರಸ್ತೆ ಅಂತ ಒಂದು ರಿಕ್ಷಾಕ್ಕೆ ನಾಲ್ಕು ಜನ ಬೇಕಿತ್ತು, ಇಬ್ಬರು ಎಳೆಯಲು, ಇಬ್ಬರು ತಳ್ಳಲು. ಹೀಗೆ ಗುಡ್ಡದ ಮೇಲೆ ಕೂತು ಆಳುವುದು ಗಾಂಧೀಜಿಗೂ ಹಿಡಿಸಲಿಲ್ಲ. 1921ರಲ್ಲಿ ಅವರು ವೈಸರಾಯ್ ಲಾರ್ಡ್ ರೀಡಿಂಗ್ ಅವರನ್ನು ಕಾಣಲು ಮೊದಲ ಸಲ ಇಲ್ಲಿಗೆ ಬಂದರು. ಇಷ್ಟು ಎತ್ತರದಿಂದ ದೇಶ ಆಳುವುದು ಐನೂರನೇ ಮಹಡಿಯಲ್ಲಿ ಕೂತು ಅಂಗಡಿ ನಡೆಸಿದ ಹಾಗೆ ಅನ್ನುವ ಅರ್ಥದಲ್ಲಿ ಬರೆದರು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮಾಲ್ ನೋಡಿ ವಾಪಸ್ ಬರಬೇಡಿ. ಮಾಲ್‌ನಿಂದ ಮೆಟ್ಟಿಲಿಳಿದು ಮಿಡ್ಲ್ ಬಜಾರ್, ಅಲ್ಲಿಂದ ಲೋಯರ್ ಬಜಾರ್‌ಗೆ ಹೋಗಿ. ಎರಡು ನಿಮಿಷದಲ್ಲಿ ಬೇರೆಯೇ ಊರು. ಕೈ ಚಾಚಿದರೆ ಎರಡೂ ಕಡೆಯ ಅಂಗಡಿ ಸಿಗುವಷ್ಟು ಕಿರಿದಾದ ಓಣಿ. ಸ್ಟೀಲ್ ಪಾತ್ರೆ, ಉಣ್ಣೆ ಉಂಡೆ, ಬಿಸಿ ಜಿಲೇಬಿ, ಮದುವೆ ಸೀರೆ, ಉಪ್ಪಿನಕಾಯಿ. ಶಿಮ್ಲಾದವರು ಮನೆಗೆ ಸಾಮಾನು ತರುವುದು ಇಲ್ಲಿಂದ. ಮೇಲಿನ ಬೀದಿ ಮಾತ್ರ ನೋಡಿದವರು ಅರ್ಧ ಬೀದಿ ನೋಡಿದ ಹಾಗೆ.

ಸ್ಕ್ಯಾಂಡಲ್ ಪಾಯಿಂಟ್ ಕಥೆ ನಿಜವಾ?

ಮಾಲ್ ಮತ್ತು ರಿಜ್ ರಸ್ತೆ ಸೇರುವ ಜಾಗ ಅದು. ಲಾಲಾ ಲಜಪತ್ ರಾಯ್ ಅವರ ಪ್ರತಿಮೆ ಇದೆ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಇಲ್ಲಿಂದಲೇ ವೈಸರಾಯ್ ಮಗಳನ್ನು ಹಾರಿಸಿಕೊಂಡು ಹೋದರು ಅಂತ ಪ್ರತಿ ಗೈಡೂ ಹೇಳುತ್ತಾರೆ. 1892 ಅಂತ ಇಸವಿಯನ್ನೂ ಸೇರಿಸುತ್ತಾರೆ. ಭೂಪಿಂದರ್ ಸಿಂಗ್ ಹುಟ್ಟಿದ್ದೇ 1891ರ ಅಕ್ಟೋಬರಿನಲ್ಲಿ. ಲೆಕ್ಕ ನೀವೇ ಹಾಕಿ. ಕಥೆ ಏನೇ ಇರಲಿ, ನಿಲ್ಲಲು ಒಳ್ಳೆಯ ಜಾಗ. ಊರಿನವರು 'ಸ್ಕ್ಯಾಂಡಲ್ ಹತ್ತಿರ ಸಿಗ್ತೀನಿ' ಅಂತಲೇ ಒಬ್ಬರಿಗೊಬ್ಬರು ಹೇಳುತ್ತಾರೆ.

ಮೈಸೂರು ಅರಮನೆಗೂ ಶಿಮ್ಲಾಗೂ ಸಂಬಂಧ ಇದೆ ಅಂತೀರಲ್ಲ, ಏನದು?

ಇದು ನನ್ನ ಪ್ರೀತಿಯ ಪ್ರಶ್ನೆ. ಮಾಲ್ ಮೇಲೆ ಗೇಯ್ಟಿ ಥಿಯೇಟರ್ ಇದೆ, 1887ರಲ್ಲಿ ಶುರುವಾದದ್ದು. ಅದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಮಾರನೇ ವರ್ಷ, 1888ರಲ್ಲಿ, ಊರಿನ ಇನ್ನೊಂದು ತುದಿಯಲ್ಲಿ ವೈಸರಾಯ್‌ಗೆ ಅಂತ ಕಟ್ಟಿದ ದೊಡ್ಡ ಬಂಗಲೆಯೂ ಅವರದ್ದೇ ಕೆಲಸ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಮದುವೆ ಸಮಯದಲ್ಲಿ ಬೆಂಕಿಗೆ ಸುಟ್ಟುಹೋಯಿತಲ್ಲ, ಆಗ ಹೊಸ ಅರಮನೆಯ ವಿನ್ಯಾಸಕ್ಕೆ ಕರೆದದ್ದು ಇದೇ ಇರ್ವಿನ್ ಅವರನ್ನು. 1912ರಲ್ಲಿ ಮುಗಿದ ಆ ಅರಮನೆಯನ್ನೇ ನಾವು ಇವತ್ತು ದಸರೆಯಲ್ಲಿ ದೀಪದ ಬೆಳಕಿನಲ್ಲಿ ನೋಡುವುದು.

ಚಿಕ್ಕಂದಿನಿಂದ ಅರಮನೆ ನೋಡುತ್ತಾ ಬೆಳೆದವಳು ನಾನು. ಗೇಯ್ಟಿ ಒಳಗೆ ಹೋದಾಗ ಈ ವಿಷಯ ಗೊತ್ತಾಗಿ ಸುಮ್ನೆ ನಿಂತುಬಿಟ್ಟೆ. ಅರಮನೆಯ ಅಬ್ಬರ ಇಲ್ಲಿಲ್ಲ. ಚಿಕ್ಕ ರಂಗಮಂದಿರ. ಕುದುರೆ ಲಾಳದ ಆಕಾರದಲ್ಲಿ ಸುತ್ತುವ ಬಾಲ್ಕನಿ, ಪಕ್ಕದಲ್ಲಿ ಗಣ್ಯರು ಕೂರುವ ಬಾಕ್ಸ್‌ಗಳು. ಗಟ್ಟಿಯಾಗಿ ಮಾತಾಡುವುದೇ ಬೇಡ, ವೇದಿಕೆಯಲ್ಲಿ ಪಿಸುಗುಟ್ಟಿದರೂ ಹಿಂದಿನ ಸಾಲಿಗೆ ಕೇಳುತ್ತದೆ. ರುಡ್ಯಾರ್ಡ್ ಕಿಪ್ಲಿಂಗ್ ಇಲ್ಲಿ ಬಣ್ಣ ಹಚ್ಚಿದ್ದಾರೆ. ಹಲವು ವರ್ಷ ದುರಸ್ತಿ ನಡೆದು 2009ರಲ್ಲಿ ಮತ್ತೆ ತೆರೆಯಿತು. ಟಿಕೆಟ್ ತಗೊಂಡು ಒಳಗೆ ನೋಡಬಹುದು. ಸಂಜೆ ನಾಟಕ ಇದ್ದರೆ ಬಿಡಬೇಡಿ, ಭಾಷೆ ಅರ್ಥವಾಗದಿದ್ದರೂ ಪರವಾಗಿಲ್ಲ.

ವೈಸರಾಯ್ ಬಂಗಲೆಯಲ್ಲಿ ಈಗ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಇದೆ. ಅದೂ ನೋಡುವಂಥದ್ದೇ, ಆದರೆ ಅದಕ್ಕೆ ಅರ್ಧ ದಿನ ಬೇರೆಯೇ ಇಟ್ಟುಕೊಳ್ಳಿ.

ಕಟ್ಟಡಗಳೆಲ್ಲ ಮರದ್ದಾ? ಬೆಂಕಿ ಭಯ ಇಲ್ವಾ?

ಇದೆ, ತುಂಬಾನೇ ಇದೆ. ದೇವದಾರು ಮರ, ತಗಡಿನ ಚಾವಣಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಚಳಿಗೆ ಹೀಟರ್. 2014ರ ಜನವರಿಯಲ್ಲಿ ಮಾಲ್ ಹತ್ತಿರದ ಗಾರ್ಟನ್ ಕ್ಯಾಸಲ್ ಅನ್ನುವ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಮೇಲಿನ ಭಾಗ ಹಾಳಾಯಿತು. ಇದೇ ಭಯದಿಂದ ಬ್ರಿಟಿಷರು 1890ರ ದಶಕದಲ್ಲಿ ಒಂದು ಕಟ್ಟಡವನ್ನು ಕಬ್ಬಿಣದಲ್ಲೇ ಕಟ್ಟಿಸಿದರು. ಅದೇ ರೈಲ್ವೆ ಬೋರ್ಡ್ ಬಿಲ್ಡಿಂಗ್, ಮಾಲ್ ಮೇಲೇ ಇದೆ. ಎಲ್ಲರೂ ಚರ್ಚಿನ ಫೋಟೋ ತೆಗೆದು ಇದನ್ನು ನೋಡದೆ ಹೋಗುತ್ತಾರೆ. ನಿಂತು ಅದರ ಕಬ್ಬಿಣದ ಕಂಬ, ಕಟಕಟೆಗಳನ್ನು ನೋಡಿ.

ಮಾಲ್ ಮತ್ತು ರಿಜ್ ಒಂದೇನಾ?

ಅಲ್ಲ. ರಿಜ್ ಅಂದ್ರೆ ಮಾಲ್‌ಗಿಂತ ಸ್ವಲ್ಪ ಮೇಲಿರುವ ಬಯಲು, ಗುಡ್ಡದ ಬೆನ್ನು. 1857ರಲ್ಲಿ ಪ್ರತಿಷ್ಠೆಯಾದ ಹಳದಿ ಬಣ್ಣದ ಕ್ರೈಸ್ಟ್ ಚರ್ಚ್ ಇರುವುದು ಇಲ್ಲೇ. ಈ ಬೆನ್ನಿನ ಒಂದು ಕಡೆ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತದೆ, ಇನ್ನೊಂದು ಕಡೆಯದು ಯಮುನೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಹಾಗೇ ಅಲ್ವಾ?

ನೀವು ನಿಂತ ನೆಲದ ಕೆಳಗೆ ಬ್ರಿಟಿಷರ ಕಾಲದ ದೊಡ್ಡ ನೀರಿನ ತೊಟ್ಟಿ ಇದೆ. ಊರಿಗೆ ಈಗಲೂ ಅಲ್ಲಿಂದ ನೀರು ಹೋಗುತ್ತದೆ. ರಿಜ್‌ನ ಒಂದು ಅಂಚು ಕುಸಿಯುತ್ತಾ ಬಂದಿದೆ, ಬಿರುಕುಗಳೂ ಕಾಣಿಸಿಕೊಂಡಿವೆ. 2018ರ ಮೇ ತಿಂಗಳ ಕೊನೆಯಲ್ಲಿ ಶಿಮ್ಲಾದಲ್ಲಿ ನೀರಿಗೆ ಹಾಹಾಕಾರ ಎದ್ದಿತ್ತು, ಪ್ರವಾಸಿಗರು ದಯವಿಟ್ಟು ಬರಬೇಡಿ ಅಂತ ಊರಿನವರೇ ಕೇಳಿಕೊಂಡರು. ಹೋಟೆಲಿನಲ್ಲಿ ನಲ್ಲಿ ತಿರುಗಿಸುವಾಗ ಇದು ನೆನಪಿರಲಿ.

ಇನ್ನೊಂದು ವಿಷಯ. 1971ರ ಜನವರಿ 25ರಂದು ಹಿಮ ಬೀಳುತ್ತಿರುವಾಗ ಇಂದಿರಾ ಗಾಂಧಿ ಇದೇ ರಿಜ್‌ನಲ್ಲಿ ನಿಂತು ಹಿಮಾಚಲ ಪ್ರದೇಶಕ್ಕೆ ಪೂರ್ಣ ರಾಜ್ಯದ ಸ್ಥಾನ ಘೋಷಿಸಿದರು. ಆ ದಿನದ ನೆನಪು ಊರಿನ ಹಿರಿಯರಲ್ಲಿ ಇನ್ನೂ ಬಿಸಿಯಾಗಿದೆ.

ಏನು ತಗೊಳ್ಳಬೇಕು? ಶಾಲು ಅಸಲಿ ಅಂತ ಗೊತ್ತಾಗೋದು ಹೇಗೆ?

ಒಂದೇ ವಸ್ತು ತಗೊಳ್ಳುವುದಾದರೆ ಕುಲ್ಲು ಶಾಲು ತಗೊಳ್ಳಿ. ನಡುವೆ ಒಂದೇ ಬಣ್ಣ, ಎರಡು ತುದಿಯಲ್ಲಿ ಗಾಢ ಬಣ್ಣದ ಪಟ್ಟಿ, ಪಟ್ಟಿಯಲ್ಲಿ ಚೌಕ, ತ್ರಿಕೋನದಂಥ ಲೆಕ್ಕಾಚಾರದ ಚಿತ್ತಾರ. ಕಿನ್ನೌರಿ ಶಾಲಿನಲ್ಲಿ ಚಿತ್ತಾರ ಇನ್ನೂ ಸಣ್ಣ, ಇನ್ನೂ ಒತ್ತು, ಬೆಲೆಯೂ ಜಾಸ್ತಿ. ಇಳಕಲ್ ಸೀರೆಗೆ ಇರುವ ಹಾಗೆ ಇವೆರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ನಾನು ಒಮ್ಮೆ ಮೋಸ ಹೋದೆ. ಊರಿನ ಹೊರಗಿನ ಒಂದು ಅಂಗಡಿಗೆ ನಮ್ಮ ಟ್ಯಾಕ್ಸಿ ಚಾಲಕ ಕರೆದುಕೊಂಡು ಹೋದ. 'ಪಶ್ಮೀನಾ, ಮೇಡಂ, ಉಂಗುರದಲ್ಲಿ ತೂರುತ್ತೆ' ಅಂದರು. ತೂರಿಸಿಯೂ ತೋರಿಸಿದರು. ತೆಳ್ಳಗಿರುವ ಯಾವ ಬಟ್ಟೆಯಾದರೂ ಉಂಗುರದಲ್ಲಿ ತೂರುತ್ತದೆ ಅಂತ ಆಗ ತಲೆಗೆ ಹೋಗಲಿಲ್ಲ. ಮನೆಗೆ ಬಂದು ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿದೆ. ಕಾಗದ ಸುಟ್ಟ ವಾಸನೆ ಬಂತು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ಪ್ಲಾಸ್ಟಿಕ್ ಎಳೆಯಾಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಒಳ್ಳೆಯ ಅಂಗಡಿಯವರು ಒಂದು ಎಳೆ ಸುಟ್ಟು ತೋರಿಸಿ ಅಂದರೆ ಬೇಸರ ಮಾಡಿಕೊಳ್ಳುವುದಿಲ್ಲ.  ಮಾಲ್ ಮೇಲೆ ಸರ್ಕಾರಿ ಎಂಪೋರಿಯಂ ಇದೆ, ಅಲ್ಲಿ ಮೊದಲು ಬೆಲೆ, ಗುಣ ನೋಡಿಕೊಂಡು ಬೇರೆ ಅಂಗಡಿಗೆ ಹೋದರೆ ಕಣ್ಣಿಗೆ ಒಂದು ಅಂದಾಜು ಸಿಗುತ್ತದೆ.

ಟೋಪಿ ತಗೊಂಡರೆ ಬಣ್ಣ ಗಮನಿಸಿ. ಹಸಿರು ಮಖಮಲ್ ಪಟ್ಟಿಯದ್ದು ಬುಶಹರ್, ಕಿನ್ನೌರ್ ಕಡೆಯದು. ಹಿಮಾಚಲದ ರಾಜಕೀಯದಲ್ಲೂ ಹಸಿರು ಟೋಪಿ, ಕೆಂಪು ಟೋಪಿ ಅಂತ ಪಕ್ಷದ ಗುರುತೇ ಆಗಿಹೋಗಿತ್ತು.

ಲಕ್ಕಡ್ ಬಜಾರ್ ಹತ್ತಿರವಾ?

ರಿಜ್ ದಾಟಿದರೆ ಸಿಕ್ಕಿತು. ಮರದ ಸಾಮಾನಿನ ಬೀದಿ. ಪಂಜಾಬಿನ ಹೋಶಿಯಾರ್‌ಪುರ ಕಡೆಯಿಂದ ಬಂದ ಸಿಖ್ ಬಡಗಿಗಳು ಬೆಳೆಸಿದ ಬಜಾರ್ ಇದು. ಊರುಗೋಲು, ಲಟ್ಟಣಿಗೆ, ಬಳೆ ಸ್ಟ್ಯಾಂಡ್, ಆಟಿಕೆ ಸಿಗುತ್ತವೆ. ನಮ್ಮ ಚನ್ನಪಟ್ಟಣದ ಅರಗಿನ ಹೊಳಪು ಇಲ್ಲಿಲ್ಲ. ಈಗ ಬೇರೆ ಊರಿನ ಯಂತ್ರದ ಮಾಲೂ ಬೆರೆತಿದೆ. ಊರುಗೋಲು ಮಾತ್ರ ಚೆನ್ನಾಗಿರುತ್ತದೆ. ಅಮ್ಮ ತಂದದ್ದು ಇನ್ನೂ ಗಟ್ಟಿಮುಟ್ಟಾಗಿದೆ.

ಊಟ, ತಿಂಡಿ? ನಮ್ಮ ಕಡೆಯದು ಸಿಗುತ್ತಾ?

ಮಾಲ್ ಮೇಲೆ ಇಂಡಿಯನ್ ಕಾಫಿ ಹೌಸ್ ಇದೆ. ಹಳೆಯ ಸೋಫಾ, ರುಮಾಲು ಸುತ್ತಿದ ಮಾಣಿಗಳು, ಹತ್ತಿರದ ಹೈಕೋರ್ಟಿನ ವಕೀಲರ ಜೋರು ಚರ್ಚೆ. ದೋಸೆ ಸಿಗುತ್ತದೆ. ದೋಸೆಗಾಗಿ ಹೋಗಬೇಡಿ, ಕಾಫಿಗಾಗಿ ಹೋಗಿ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳಕೊಂಡ ನೌಕರರೇ ಸಹಕಾರ ಸಂಘ ಕಟ್ಟಿ ಅವನ್ನು ಉಳಿಸಿಕೊಂಡರು. ಅಂಥ ಮೊದಲ ಸಂಘ ಶುರುವಾದದ್ದು 1957ರ ಆಗಸ್ಟಿನಲ್ಲಿ, ನಮ್ಮ ಬೆಂಗಳೂರಿನಲ್ಲಿ. ಎರಡು ಸಾವಿರ ಮೀಟರ್ ಎತ್ತರದ ಚಳಿಯಲ್ಲಿ ಆ ಲೋಟ ಹಿಡಿದಾಗ ಮನೆಯ ನೆನಪು ಬಂದೇ ಬರುತ್ತದೆ.

ಆ ಕಡೆಯ ತಿಂಡಿ ತಿನ್ನಬೇಕು ಅಂದರೆ ಸಿಡ್ಡು ಕೇಳಿ. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಆಕ್ರೋಟು ಅಥವಾ ಗಸಗಸೆ ಹೂರಣ ಇಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಕಡುಬು ತಿಂದು ಬೆಳೆದವರಿಗೆ ಇದು ದೂರದ ನೆಂಟ ಅನ್ನಿಸುತ್ತದೆ. ಬಿಸಿ ಇರುವಾಗಲೇ ಮುರಿದು, ಮೇಲೆ ತುಪ್ಪ ಸುರಿಸಿಕೊಂಡು ತಿನ್ನಿ. ಆರಿದರೆ ರಬ್ಬರ್ ಹಾಗಾಗುತ್ತದೆ. ಜೊತೆಗೆ ಕೈ ಮರಗಟ್ಟುವ ಚಳಿಯಲ್ಲೂ ಮಾಲ್ ಮೇಲೆ ಜನ ಸಾಫ್ಟಿ ಐಸ್‌ಕ್ರೀಂ ತಿನ್ನುತ್ತಾ ನಡೆಯುತ್ತಾರೆ. ನೀವೂ ತಿನ್ನಿ, ಏನೂ ಆಗುವುದಿಲ್ಲ.

ಯಾವ ತಿಂಗಳು ಒಳ್ಳೇದು?

ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಆಕಾಶ ತಿಳಿಯಾಗಿ ದೂರದ ಹಿಮಶಿಖರ ಕಾಣುತ್ತದೆ, ಜನವೂ ಕಮ್ಮಿ. ಹಿಮ ಬೇಕಿದ್ದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಆದರೆ ಬಿದ್ದೇ ಬೀಳುತ್ತದೆ ಅನ್ನುವ ಹಾಗಿಲ್ಲ. ಮೇ, ಜೂನ್‌ನಲ್ಲಿ ಮಾಲ್ ಮೇಲೆ ಜಾತ್ರೆ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿತದ ಭಯ, ಬೇಡ.

ಕರ್ನಾಟಕದಿಂದ ಹೋಗೋದು ಹೇಗೆ?

ಚಂಡೀಗಢದವರೆಗೆ ವಿಮಾನ, ಇಲ್ಲ ಯಶವಂತಪುರದಿಂದ ಹೊರಡುವ ಕರ್ನಾಟಕ ಸಂಪರ್ಕ ಕ್ರಾಂತಿ ರೈಲು. ಅಲ್ಲಿಂದ ಕಾಲ್ಕಾ ಹತ್ತಿರ. ಕಾಲ್ಕಾದಿಂದ ದಯವಿಟ್ಟು ಚಿಕ್ಕ ರೈಲಿನಲ್ಲೇ ಹೋಗಿ. 1903ರಲ್ಲಿ ಶುರುವಾದ 96 ಕಿಲೋಮೀಟರ್ ದಾರಿ, ನೂರಕ್ಕೂ ಹೆಚ್ಚು ಸುರಂಗ, 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಟ್ಯಾಕ್ಸಿಗಿಂತ ನಿಧಾನ, ಐದಾರು ಗಂಟೆ ಬೇಕು. ಸೀಟು ಮೊದಲೇ ಕಾಯ್ದಿರಿಸಿ.

ಕೋತಿ ಕಾಟ?

ಇದೆ. ಕನ್ನಡಕ ಕಿತ್ತುಕೊಂಡು ಹೋಗುತ್ತವೆ, ಜಾಖೂ ಬೆಟ್ಟದ ಹನುಮಂತನ ದೇವಸ್ಥಾನದ ದಾರಿಯಲ್ಲಂತೂ ಜಾಸ್ತಿ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ನಡೆಯಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ.

ನಮ್ಮ ಊರಲ್ಲೂ ಇಂಥ ಬೀದಿ ಮಾಡಬಹುದಲ್ವಾ?

ಮಾಡಬಹುದು, ಮಾಡಲೇಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿ ನಿಲ್ಲಿಸಿದ್ದರು. ನಾನೂ ಒಂದು ಶನಿವಾರ ಹೋಗಿದ್ದೆ, ಮಕ್ಕಳು ರಸ್ತೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಆಮೇಲೆ ಗಾಡಿಗಳು ವಾಪಸ್ ಬಂದವು. ಗಾಡಿ ಬರದಿದ್ದರೆ ವ್ಯಾಪಾರ ಬಿದ್ದುಹೋಗುತ್ತೆ ಅನ್ನುವವರನ್ನು ಒಂದು ಸಂಜೆ ಶಿಮ್ಲಾದ ಮಾಲ್ ಮೇಲೆ ನಿಲ್ಲಿಸಬೇಕು ಅನ್ನಿಸುತ್ತದೆ. ನಡೆಯುವವನು ನಿಲ್ಲುತ್ತಾನೆ, ನಿಂತವನು ಅಂಗಡಿ ಒಳಗೆ ಇಣುಕುತ್ತಾನೆ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ವಾರಕ್ಕೆ ಒಂದು ಸಂಜೆಯಾದರೂ ಹೀಗೆ ನಡೆಯುವ ಆಸೆ ನನಗಿದೆ.

ನಮಗೆ ಒಂದೇ ದಿನ ಇದೆ. ಏನು ಮಾಡೋದು?

ಬೆಳಗ್ಗೆ ಏಳಕ್ಕೇ ಮಾಲ್‌ಗೆ ಬನ್ನಿ. ಅಂಗಡಿ ತೆರೆದಿರುವುದಿಲ್ಲ, ಅದೇ ಒಳ್ಳೇದು. ಬಾಗಿಲು ಮುಚ್ಚಿದಾಗಲೇ ಮೇಲಿನ ಮಹಡಿಯ ಕಿಟಕಿ, ಮರದ ಕೆತ್ತನೆ ಕಣ್ಣಿಗೆ ಬೀಳುವುದು. ಹತ್ತಕ್ಕೆ ಕಾಫಿ, ಆಮೇಲೆ ಗೇಯ್ಟಿ. ಮಧ್ಯಾಹ್ನ ಲೋಯರ್ ಬಜಾರ್‌ಗೆ ಇಳಿಯಿರಿ, ಊಟ ಅಲ್ಲೇ ಮಾಡಿ. ಸಂಜೆ ರಿಜ್ ಮೇಲೆ ಸೂರ್ಯ ಮುಳುಗುವುದನ್ನು ನೋಡಿ ಮತ್ತೆ ಮಾಲ್‌ಗೆ ಬನ್ನಿ. ಸಿಗರೇಟು ಸೇದಬೇಡಿ, ಉಗುಳಬೇಡಿ, ದಂಡ ಬೀಳುತ್ತದೆ.

ನಡುವೆ ಸ್ಕ್ಯಾಂಡಲ್ ಪಾಯಿಂಟ್ ಪಕ್ಕದ ಹಳೆಯ ಅಂಚೆ ಕಚೇರಿಗೆ ಹೋಗಿ ಮನೆಗೆ ಒಂದು ಕಾರ್ಡ್ ಹಾಕಿ. ಅಮ್ಮ ತಮ್ಮ ಹೆಸರಿಗೇ ಒಂದು ಬರೆದು ಹಾಕಿದ್ದರು. ನಾವು ಮೈಸೂರಿಗೆ ವಾಪಸ್ ಬಂದ ಐದನೇ ದಿನ ಅದು ಬಂತು. 'ಇವತ್ತು ತುಂಬ ನಡೆದೆ, ಕಾಲು ನೋಯ್ತಿಲ್ಲ' ಅಂತ ಬರೆದಿತ್ತು.